ದುರ್ಗದ ಆಕಾಶಕ್ಕೆ ಚುಕ್ಕಿ ಯಾಕೆ? ಪಾಪ್ ಕಲೆಯ ನಿಸರ್ಗಚಿತ್ರ, ಮೊಬೈಲ್ ಫಿಲ್ಟರ್ ಮತ್ತು ನಮ್ಮ ಗೋಡೆಗಳು

2025ರ ಮಾರ್ಚ್ ಕೊನೆಯ ವಾರ ಚಾಟ್‌ಜಿಪಿಟಿಗೆ ಚಿತ್ರ ಬರೆಯುವ ಹೊಸ ಸೌಲಭ್ಯ ಸೇರಿತು. ಎರಡೇ ದಿನದಲ್ಲಿ ಕಾರ್ಟೂನ್ ಸಿನಿಮಾಗಳಿಗೆ ಹೆಸರಾದ ಜಪಾನಿನ ಗಿಬ್ಲಿ ಸ್ಟುಡಿಯೊ ಶೈಲಿಯ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ಆ ಭರಾಟೆ ಇಳಿದ ಮೇಲೂ ಉಳಿದುಕೊಂಡ ಶೈಲಿಗಳಲ್ಲಿ ‘ಪಾಪ್ ಆರ್ಟ್’ ಒಂದು. ಚಿತ್ರದುರ್ಗದ ಕೋಟೆ, ಜೋಗಿಮಟ್ಟಿಯ ಗಾಳಿಯಂತ್ರ, ಕೋಡಿ ಬಿದ್ದ ವಾಣಿವಿಲಾಸ ಸಾಗರ, ಚನ್ನಗಿರಿ ಸೀಮೆಯ ಸೂಳೆಕೆರೆ, ಹೀಗೆ ಯಾವ ಫೋಟೊ ಕೊಟ್ಟರೂ ಅರೆನಿಮಿಷದಲ್ಲಿ ದಪ್ಪ ಕಪ್ಪು ಗೆರೆ, ಕಣ್ಣು ಕುಕ್ಕುವ ಹಳದಿ-ಕೆಂಪು, ಆಕಾಶದ ತುಂಬ ಚುಕ್ಕಿ ಹೊತ್ತು ವಾಪಸು ಬರುತ್ತದೆ.

ಇದಕ್ಕೆ ಸಂಬಂಧಿಸಿ ಬಂದ ಸುದ್ದಿಗಳು ಒಂದಕ್ಕೊಂದು ಹೊಂದುವುದಿಲ್ಲ. ಮನುಷ್ಯ ಕರ್ತೃ ಇಲ್ಲದ ಚಿತ್ರಕ್ಕೆ ಹಕ್ಕುಸ್ವಾಮ್ಯ ಇಲ್ಲ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದೇ ಮಾರ್ಚ್ 18ರಂದು ಹೇಳಿತ್ತು. ಪಾಪ್ ಕಲೆಯ ಅತಿ ದೊಡ್ಡ ಹೆಸರಾದ ಆ್ಯಂಡಿ ವಾರ್ಹೋಲ್ ಪ್ರತಿಷ್ಠಾನ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಛಾಯಾಗ್ರಾಹಕಿಯೊಬ್ಬರ ಎದುರು ಸೋತಿತ್ತು. ಆದರೂ ಬೇರೆಯವರ ಫೋಟೊ, ಬೇರೆಯವರ ಕಾಮಿಕ್ಸ್ ಎತ್ತಿಕೊಂಡು ಮಾಡಿದ ಅದೇ ಪಾಪ್ ಚಿತ್ರಗಳು ಮ್ಯೂಸಿಯಂಗಳಲ್ಲಿ ಗೌರವದಿಂದ ತೂಗುತ್ತಿವೆ. ಹಾಗಾದರೆ ಅವರು ಮಾಡಿದ್ದು ಕಲೆ, ಮೊಬೈಲ್ ಮಾಡುವುದು ನಕಲೇ? ಅಥವಾ ಎರಡೂ ಒಂದೆಯೇ?

ಉತ್ತರ ಬೇಕಾದರೆ ಮೊದಲು ಬೇರೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಬೆಟ್ಟ, ಆಕಾಶ, ಹೂವು ಬರೆಯಲು ಹೊರಟ ಪಾಪ್ ಕಲಾವಿದರು ನಿಜಕ್ಕೂ ನೋಡುತ್ತಿದ್ದದ್ದು ಏನನ್ನು?

ಬೆಟ್ಟವಲ್ಲ, ಬೆಟ್ಟದ ಅಚ್ಚು

ಪಾಪ್ ಕಲೆ ಕಣ್ಣು ತೆರೆದದ್ದು 1950ರ ದಶಕದ ಲಂಡನ್ನಿನಲ್ಲಿ, ಬೆಳೆದದ್ದು 60ರ ದಶಕದ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸಿನಲ್ಲಿ. ಯುದ್ಧ ಮುಗಿದಿತ್ತು. ಬಣ್ಣದ ಪತ್ರಿಕೆ, ಟಿವಿ, ಹೆದ್ದಾರಿಯ ಜಾಹೀರಾತು ಫಲಕ, ಸೂಪರ್ ಮಾರ್ಕೆಟ್ಟಿನ ಡಬ್ಬಿ ದಿನನಿತ್ಯದ ನೋಟವನ್ನು ತುಂಬಿಕೊಂಡಿದ್ದವು. ಪಟ್ಟಣದ ಮನುಷ್ಯ ಸೂರ್ಯಾಸ್ತವನ್ನು ಕಣ್ಣಾರೆ ನೋಡಿದ್ದಕ್ಕಿಂತ ಹೆಚ್ಚು ಸಲ ಪೋಸ್ಟ್‌ಕಾರ್ಡಿನಲ್ಲಿ, ಸಿಗರೇಟಿನ ಜಾಹೀರಾತಿನಲ್ಲಿ, ಕಾಮಿಕ್ಸಿನ ಮೂಲೆಯಲ್ಲಿ ನೋಡಿರುತ್ತಿದ್ದ.

ಈ ಕಲಾವಿದರು ಹಿಡಿದುಕೊಂಡದ್ದು ಇದೇ ಎಳೆಯನ್ನು. ಅದಕ್ಕೆ ಮುಂಚಿನ ನಿಸರ್ಗಚಿತ್ರಕಾರ ಬೋರ್ಡು, ಕಾಗದ ಹೊತ್ತು ಬಯಲಿಗೆ ಹೋಗುತ್ತಿದ್ದ. ಬೆಳಕು ಬದಲಾಗುವ ಮೊದಲೇ ಅದನ್ನು ಹಿಡಿಯುವುದು ಅವನ ಸಾಹಸ. ಪಾಪ್ ಕಲಾವಿದ ಬಯಲಿಗೆ ಹೋಗಲೇ ಇಲ್ಲ. ಮೇಜಿನ ಮೇಲೆ ಬಿದ್ದಿದ್ದ ಅಚ್ಚಿನ ಚಿತ್ರವನ್ನು ಎದುರಿಗಿಟ್ಟುಕೊಂಡು, ಬೆಟ್ಟ ನಮ್ಮ ಕಣ್ಣಿಗೆ ಬರುವ ಮುಂಚೆ ಎಷ್ಟು ಯಂತ್ರಗಳನ್ನು ದಾಟಿ ಬಂದಿದೆ ಎಂಬುದನ್ನು ಬರೆದ. ಯಂತ್ರ ಬಿಟ್ಟ ಗುರುತುಗಳನ್ನು, ಅಂದರೆ ಚುಕ್ಕಿ, ಗಟ್ಟಿ ಗೆರೆ, ಮಟ್ಟಸ ಬಣ್ಣಗಳನ್ನು, ಅಳಿಸುವ ಬದಲು ದೊಡ್ಡದು ಮಾಡಿ ತೋರಿಸಿದ. ಆ ಚುಕ್ಕಿಗಳ ಅರ್ಥ ಇಷ್ಟೇ, ಆದರೆ ಇಷ್ಟು ತಿಳಿಯದೆ ಉಳಿದದ್ದು ತಿಳಿಯುವುದಿಲ್ಲ.

ಕ್ಯಾಲೆಂಡರಿನ ಆಕಾಶವನ್ನು ಭೂತಗನ್ನಡಿಯಲ್ಲಿ ನೋಡಿದರೆ

ಗೊಬ್ಬರದಂಗಡಿಯೋ ಸಹಕಾರ ಸಂಘವೋ ಕೊಟ್ಟ, ಕೋಟೆಯ ಚಿತ್ರವಿರುವ ಕ್ಯಾಲೆಂಡರ್ ಒಂದನ್ನು ಎಂಟು-ಹತ್ತು ಪಟ್ಟು ಹಿಗ್ಗಿಸುವ ಗಾಜಿನಡಿ ನೋಡಿ. ಆಕಾಶ ಮಾಯವಾಗುತ್ತದೆ. ಬಿಳಿ ಕಾಗದದ ಮೇಲೆ ತಿಳಿನೀಲಿ ಚುಕ್ಕಿಗಳ ಓರೆಸಾಲು, ನಡುನಡುವೆ ಸಣ್ಣ ಮಜೆಂಟಾ (ನೇರಳೆಗೆಂಪು) ಚುಕ್ಕಿ. ಮೋಡದ ಹತ್ತಿರ ಬಂದಂತೆ ಚುಕ್ಕಿಗಳು ಸಾಸಿವೆಗಿಂತ ಸಣ್ಣದಾಗಿ ಕರಗುತ್ತವೆ. ಬಂಡೆಯ ಜಾಗದಲ್ಲಿ ಸಯಾನ್ (ಆ ತಿಳಿನೀಲಿ), ಮಜೆಂಟಾ, ಹಳದಿ, ಕಪ್ಪು ನಾಲ್ಕೂ ಒತ್ತಾಗಿ ಸೇರಿ ಪುಟ್ಟ ಪುಟ್ಟ ಹೂವಿನ ಆಕಾರ ಕಟ್ಟಿಕೊಂಡಿರುತ್ತವೆ. ಬೂದು ಬಣ್ಣ ಎಂಬುದು ಅಲ್ಲಿ ಎಲ್ಲೂ ಇಲ್ಲ. ಅದನ್ನು ಕಟ್ಟುವುದು ನಮ್ಮ ಕಣ್ಣು.

ಆಫ್‌ಸೆಟ್ ಮುದ್ರಣದಲ್ಲಿ ಈ ನಾಲ್ಕು ಬಣ್ಣದ ಸಾಲುಗಳನ್ನು ಬೇರೆ ಬೇರೆ ಓರೆಯಲ್ಲಿ ಇಡುತ್ತಾರೆ. ರೂಢಿಯಲ್ಲಿ ಕಪ್ಪು 45 ಡಿಗ್ರಿ, ಮಜೆಂಟಾ 75, ಸಯಾನ್ 15, ಹಳದಿ 0. ಗಾಢವಾದ ಮೂರು ಬಣ್ಣಗಳ ನಡುವೆ 30 ಡಿಗ್ರಿ ಅಂತರ ತಪ್ಪಿದರೆ, ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಿಡಿದಾಗ ಕಾಣುವಂಥ ಅಲೆ ಚಿತ್ರದ ಮೇಲೆ ಏಳುತ್ತದೆ. ಅಚ್ಚಿನವರು ಇದನ್ನು ಮೊಯ್ರೆ ಎನ್ನುತ್ತಾರೆ.

ಕಾಮಿಕ್ಸಿನ ಚುಕ್ಕಿ ಇದಕ್ಕಿಂತ ಬೇರೆ. ನ್ಯೂಯಾರ್ಕಿನ ಬೆಂಜಮಿನ್ ಡೇ 1879ರಲ್ಲಿ ರೂಪಿಸಿದ, ‘ಬೆನ್ ಡೇ’ ಎಂದೇ ಹೆಸರಾದ ವಿಧಾನದಲ್ಲಿ ಒಂದು ಜಾಗದ ಚುಕ್ಕಿಗಳೆಲ್ಲ ಒಂದೇ ಗಾತ್ರ, ಒಂದೇ ಅಂತರ. ಕೆಂಪು ಚುಕ್ಕಿ ವಿರಳವಾಗಿ ಹಾಕಿದರೆ ಮುಖದ ಬಣ್ಣ, ನೀಲಿ ಹಾಕಿದರೆ ಆಕಾಶ. ಕಡಿಮೆ ಮಸಿ, ಅಗ್ಗದ ಕಾಗದ, ಲಕ್ಷಗಟ್ಟಲೆ ಪ್ರತಿ ಎಂಬ ಲೆಕ್ಕಾಚಾರಕ್ಕೆ ಹುಟ್ಟಿದ ಉಪಾಯ ಅದು. ಚುಕ್ಕಿ ಎಂದಕೂಡಲೇ ನಮಗೆ ನೆನಪಾಗುವ ರಂಗೋಲಿಯಲ್ಲಿ ಚುಕ್ಕಿ ಗೆರೆಗೆ ಆಧಾರ. ಇಲ್ಲಿ ಚುಕ್ಕಿಯೇ ಬಣ್ಣ, ಜೊತೆಗೆ ಅಗ್ಗದ ಅಚ್ಚಿನ ಸಹಿ.

ಸೂರ್ಯೋದಯ, ದಾಸವಾಳ, ಪೆಟ್ರೋಲ್ ಬಂಕು

ಅಮೆರಿಕದ ಪಾಪ್ ಕಲಾವಿದ ರಾಯ್ ಲಿಕ್ಟೆನ್‌ಸ್ಟೈನ್ 1964-65ರಲ್ಲಿ ಕಾಮಿಕ್ಸಿನ ಕತೆಗಳಲ್ಲಿ ಪಾತ್ರಗಳ ಬೆನ್ನ ಹಿಂದೆ ಇರುವ, ಯಾರೂ ಗಮನಿಸದ ಆಕಾಶ, ಸಮುದ್ರ, ಮುಳುಗುವ ಸೂರ್ಯನನ್ನು ಆರಿಸಿಕೊಂಡ. ಪಾತ್ರಗಳನ್ನು ತೆಗೆದುಹಾಕಿ ಹಿನ್ನೆಲೆಯನ್ನೇ ಗೋಡೆಯಗಲ ಮಾಡಿದ. ಸೂರ್ಯನ ಕಿರಣ ಎಂದರೆ ಕಪ್ಪು ಅಂಚಿನ ಹಳದಿ ಪಟ್ಟೆ, ಮೋಡ ಎಂದರೆ ಖಾಲಿ ಬಿಳಿ, ಆಕಾಶ ಎಂದರೆ ಚುಕ್ಕಿ. 1961ರ ಮೊದಲ ಚುಕ್ಕಿಗಳನ್ನು ನಾಯಿಯ ಕೂದಲು ಬಾಚುವ ಬ್ರಷ್ಷಿನ ಹಲ್ಲುಗಳನ್ನು ಬಣ್ಣಕ್ಕದ್ದಿ ಒತ್ತಿದ್ದ. ಅವು ಸಾಲು ತಪ್ಪುತ್ತಿದ್ದವು. ಆಮೇಲೆ ತೂತು ಕೊರೆದ ಲೋಹದ ಹಾಳೆಯನ್ನು ಸ್ಟೆನ್ಸಿಲ್ ಮಾಡಿಕೊಂಡ. ಕೆಲವು ಸಮುದ್ರದ ಚಿತ್ರಗಳಿಗೆ ರೋಲಕ್ಸ್ ಎಂಬ ಮಿನುಗುವ ಪ್ಲಾಸ್ಟಿಕ್ ಹಾಳೆ ಅಂಟಿಸಿದ. ನೋಡುವವರು ಒಂದು ಹೆಜ್ಜೆ ಸರಿದರೆ ಸಾಕು, ನೀರು ಅಲುಗಾಡಿದಂತೆ ಕಾಣುತ್ತದೆ.

ಬದುಕಿನ ಕೊನೆಯ ವರ್ಷಗಳಲ್ಲಿ ಅವನು ಮತ್ತೆ ನಿಸರ್ಗಕ್ಕೆ ಬಂದ. ಚೀನಾದ ಸುಂಗ್ ರಾಜವಂಶದ ಕಾಲದ ಬೆಟ್ಟ-ಮಂಜಿನ ಚಿತ್ರಗಳನ್ನು ಚುಕ್ಕಿಯಲ್ಲೇ ಮಾಡಿದ. ಈ ಸಲ ಚುಕ್ಕಿ ಒಂದೇ ಗಾತ್ರದ್ದಲ್ಲ. ಮೇಲಿನಿಂದ ಕೆಳಗೆ ಸಾಲುಸಾಲಾಗಿ ಕಿರಿದಾಗುತ್ತ, ಹಿರಿದಾಗುತ್ತ ಹೋಗುತ್ತವೆ. ದೂರ ನಿಂತರೆ ಕಣಿವೆಯಲ್ಲಿ ಮಂಜು ಹರಡಿದೆ, ಹತ್ತಿರ ಹೋದರೆ ಬರೀ ವೃತ್ತಗಳು. ಪಾಪ್ ಕಲೆಯಲ್ಲಿ ಭಾವ ಇಲ್ಲ ಎನ್ನುವವರಿಗೆ ತೋರಿಸಬೇಕಾದ ಚಿತ್ರಗಳು ಇವು.

ವಾರ್ಹೋಲ್ ದಾರಿ ಬೇರೆ. 1962ರಲ್ಲಿ ಅವನು ಮಕ್ಕಳ ‘ಸಂಖ್ಯೆ ನೋಡಿ ಬಣ್ಣ ತುಂಬಿ’ ಹಾಳೆಯ ಮಾದರಿಯ ನಿಸರ್ಗದೃಶ್ಯವನ್ನು ದೊಡ್ಡ ಕ್ಯಾನ್ವಾಸಿಗೆ ಏರಿಸಿ, ಕೆಲವು ಖಾನೆಗಳನ್ನು ಬರೀ ಅಂಕಿಯೊಂದಿಗೇ ಬಿಟ್ಟ. 1964ರಲ್ಲಿ ಒಂದು ಛಾಯಾಗ್ರಹಣ ಪತ್ರಿಕೆಯಲ್ಲಿ ಪೆಟ್ರೀಶಿಯಾ ಕಾಲ್‌ಫೀಲ್ಡ್ ತೆಗೆದ ದಾಸವಾಳ ಹೂಗಳ ಫೋಟೊ ಬಂದಿತ್ತು. ಅದರಿಂದ ನಾಲ್ಕು ಹೂವು ಕತ್ತರಿಸಿ, ಚೌಕಕ್ಕೆ ಕೂರಿಸಿ, ಸ್ಕ್ರೀನ್ ಮಾಡಿಸಿ ನೂರಾರು ಪ್ರತಿ ಒತ್ತಿದ. ಹುಲ್ಲು ಕಪ್ಪು-ಹಸಿರು, ಹೂವು ಮಾತ್ರ ಅಂಗಡಿ ಬಣ್ಣದ ಡಬ್ಬಿಯಿಂದ ಹಾಗೇ ಸುರಿದ ಗುಲಾಬಿ, ಹಳದಿ, ಕಿತ್ತಳೆ. ನೆರಳಿಲ್ಲ, ಎಸಳಿನ ನರ ಇಲ್ಲ. ಹೂವು ವಾಲ್‌ಪೇಪರ್ ಆಯಿತು. ಕಾಲ್‌ಫೀಲ್ಡ್ 1966ರಲ್ಲಿ ದಾವೆ ಹೂಡಿದರು, ಕೊನೆಗೆ ರಾಜಿಯಾಯಿತು.

ಎಡ್ ರುಶೇ 1966ರಲ್ಲಿ ಪೆಟ್ರೋಲ್ ಬಂಕಿನ ಒಂದು ಸ್ಕ್ರೀನ್ ಪ್ರಿಂಟ್ ಮಾಡಿದ. ಅಲ್ಲಿ ಬೆಟ್ಟ, ಮರ ಯಾವುದೂ ಇಲ್ಲ, ಬಂಕಿನ ಓರೆಗೆರೆಯೇ ದಿಗಂತ. ಹಿಂದಿನ ಆಕಾಶ ಮಾತ್ರ ನೀಲಿಯಿಂದ ಕಿತ್ತಳೆಗೆ ಜಾರುತ್ತದೆ. ಒಂದೇ ಸ್ಕ್ರೀನಿನ ಮೇಲೆ ಎರಡು ಬಣ್ಣ ಅಕ್ಕಪಕ್ಕ ಸುರಿದು ಸ್ಕ್ವೀಜಿ (ಬಣ್ಣ ಒತ್ತುವ ರಬ್ಬರ್ ಪಟ್ಟಿ) ಎಳೆದರೆ ಬರುವ ಪರಿಣಾಮ ಇದು. ಲಗ್ನಪತ್ರಿಕೆ ಒತ್ತುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳಿಗೆ ಇದು ಚೆನ್ನಾಗಿಯೇ ಗೊತ್ತಿರುವ ಕೈಚಳಕ. ಮೊದಲ ಹತ್ತಾರು ಎಳೆತಕ್ಕೆ ಬಣ್ಣ ಚೆನ್ನಾಗಿ ಬೆರೆಯುತ್ತದೆ, ಆಮೇಲೆ ನಡುವಿನ ಪಟ್ಟಿ ಕೆಸರಾಗುತ್ತದೆ. ಆಗ ಸ್ಕ್ರೀನ್ ತೊಳೆದು ಮತ್ತೆ ಶುರುಮಾಡಬೇಕು. ಅಲನ್ ಡಿ’ಆರ್ಕಾಂಜೆಲೊ ಕಾರಿನ ಮುಂಗಾಜಿನಿಂದ ಕಾಣುವ ಹೆದ್ದಾರಿಯನ್ನು ಬರೆದ: ಕಪ್ಪು ರಸ್ತೆ, ಬಿಳಿ ಗೆರೆ, ಎರಡು ಬದಿ ಕತ್ತಲೆಯಂಥ ಮರಗಳು, ನಡುವೆ ಒಂದು ಫಲಕ. ಹಿರಿಯೂರಿನಿಂದ ದಾವಣಗೆರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬರುವವರಿಗೆ ದುರ್ಗದ ಬೆಟ್ಟಸಾಲು, ಅದರ ಮೇಲಿನ ಗಾಳಿಯಂತ್ರ ಕಾಣುವುದೂ ಹಾಗೆಯೇ, ಗಾಜಿನ ಚೌಕಟ್ಟಿನೊಳಗೆ, ಓಡುತ್ತ.

ಬಯಲುಸೀಮೆಯ ಗೋಡೆಯ ಮೇಲೆ ಹಿಮದ ಬೆಟ್ಟ

ಅಮೆರಿಕದವರ ಅಚ್ಚಿನ ಭಾಷೆ ಕಾಮಿಕ್ಸ್ ಮತ್ತು ಹೆದ್ದಾರಿ ಫಲಕ. ನಮ್ಮದು ಯಾವುದು? ಈ ಪ್ರಶ್ನೆಯನ್ನು ಫಿಲ್ಟರ್ ಕೇಳುವುದೇ ಇಲ್ಲ.

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣದ ಪ್ರೆಸ್ ತೆರೆದ ಮೇಲೆ ದೇವರ ಪಟ ಮನೆಮನೆಗೆ ಬಂತು. ದೇವರ ಬೆನ್ನ ಹಿಂದೆ ಕೊಳ, ಕಮಲ, ದೂರದ ನೀಲಿ ಬೆಟ್ಟ ಬಂದವು. ಆಮೇಲೆ ಶಿವಕಾಶಿಯ ಕ್ಯಾಲೆಂಡರ್, ಬೆಂಕಿಪೊಟ್ಟಣದ ಚೀಟಿ. 1980ರ ದಶಕದಲ್ಲಿ ಜಲಪಾತ, ಹಂಸ, ಹಿಮ ಹೊದ್ದ ಬೆಟ್ಟದಡಿಯ ಮರದ ಮನೆ ಇರುವ ಪೋಸ್ಟರ್. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಜಿಲ್ಲೆಯ ನಡುಮನೆಯಲ್ಲಿ ‘ನಿಸರ್ಗ’ ಎಂದರೆ ಆ ಹಿಮದ ಬೆಟ್ಟ. ಕಿಟಕಿಯಾಚೆ ಇದ್ದ ಬಂಡೆಗುಡ್ಡ, ಜಾಲಿ, ಕವಳೆ, ಕೆಂಪು-ಕಪ್ಪು ಹೊಲ ಯಾರಿಗೂ ‘ಸೀನರಿ’ ಅನ್ನಿಸಿರಲಿಲ್ಲ.

ದಾವಣಗೆರೆಗೆ ಇದರಲ್ಲಿ ಇನ್ನೊಂದು ಆಸ್ತಿ ಇದೆ. ಇದು ವೃತ್ತಿ ನಾಟಕದ ಊರು, ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಕಂಪನಿ ನಾಟಕಗಳಲ್ಲಿ ದರ್ಬಾರು ಪರದೆ, ಬೀದಿ ಪರದೆ, ಕಾಡು ಪರದೆ ಎಂದು ಸಿದ್ಧವಾಗಿರುತ್ತಿದ್ದವು. ಹರಿಶ್ಚಂದ್ರ ಅಲೆಯುವುದೂ ಅದೇ ಕಾಡು, ಪಾಂಡವರು ವನವಾಸ ಕಳೆಯುವುದೂ ಅದೇ ಕಾಡು. ಮರದ ಕಾಂಡದ ಮೇಲೆ ಎರಡು ಬಳುಕು ಗೆರೆ, ಎಲೆಗೊಂಚಲಿಗೆ ಮೂರು ಹಸಿರು, ಕೊನೆಯ ಸಾಲಿನವನಿಗೂ ಕಾಣುವಷ್ಟು ದಪ್ಪ ಅಂಚು. ಒಂದೇ ದೃಶ್ಯವನ್ನು ಸಾವಿರ ಸಲ ಬಳಸುವ ಈ ಪದ್ಧತಿ, ವಾರ್ಹೋಲ್ ಒಂದೇ ಹೂವನ್ನು ನೂರಾರು ಸಲ ಒತ್ತಿದ್ದಕ್ಕೆ ತೀರ ಹತ್ತಿರದ್ದು. ಹಳೆಯ ಫೋಟೊ ಸ್ಟುಡಿಯೊಗಳ ಹಿಂಬದಿ ಪರದೆ ಅದರ ತಮ್ಮ. ಇವತ್ತಿನ ಪಟ್ಟಿಗೆ ಲಾರಿಯ ಹಿಂಬಾಗಿಲಿನ ಸೂರ್ಯೋದಯವನ್ನು, ಮೆಕ್ಕೆಜೋಳದ ಬಿತ್ತನೆ ಬೀಜದ ಪಾಕೀಟಿನ ಮೇಲಿನ ಎಂದೂ ಬಾಡದ ಹೊಲವನ್ನು, ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ನಾಯಕರ ಹಿಂದೆ ಅಂಟಿಸಿದ ಮೋಡವನ್ನು ಸೇರಿಸಬೇಕು.

ಕೋಟೆಯ ಮಟ್ಟಿಗಂತೂ 1972ರಲ್ಲಿ ತೆರೆಗೆ ಬಂದ, ಇಲ್ಲೇ ಚಿತ್ರೀಕರಣವಾದ ‘ನಾಗರಹಾವು’ ಸಿನಿಮಾ ದೊಡ್ಡ ತಿರುವು. ಏಳು ಸುತ್ತಿನ ಕೋಟೆಯನ್ನು ಎಂದೂ ಹತ್ತದವರ ಮನಸ್ಸಿನಲ್ಲೂ ಬಂಡೆ, ಕಿಂಡಿ, ಒನಕೆ ಅಚ್ಚೊತ್ತಿದವು. ಅಂದರೆ ಕೋಟೆಯೂ ನಮಗೆ ಬರುವುದು ಪರದೆಯ ಮೂಲಕವೇ. ಪಾಪ್ ಕಲೆ ಕೈ ಹಾಕಬೇಕಾದ ಜಾಗ ಇದು.

ಭಾರತದಲ್ಲಿ ಈ ದಾರಿ ತುಳಿದವರು ಇಲ್ಲದಿಲ್ಲ. ಬರೋಡಾದ ಭೂಪೇನ್ ಖಖ್ಖರ್ 60ರ ದಶಕದಲ್ಲೇ ಬೀದಿಯಲ್ಲಿ ಸಿಗುವ ದೇವರ ಪಟಗಳನ್ನು ಚಿತ್ರಕ್ಕೆ ಅಂಟಿಸಿದರು, ಆಮೇಲೆ ಅಂಗಡಿ ಬೋರ್ಡು, ಕ್ಯಾಲೆಂಡರುಗಳ ಮಟ್ಟಸ ಬಣ್ಣವನ್ನು ತಮ್ಮದಾಗಿಸಿಕೊಂಡರು. ಅಮೆರಿಕದ ಚುಕ್ಕಿಯನ್ನು ಎರವಲು ತರಬೇಕಾದ ಅಗತ್ಯ ಅವರಿಗೆ ಬೀಳಲಿಲ್ಲ.

ಯಾರ ವಾದ ಏನು?

ಬಯಲಲ್ಲಿ ಕೂತು ಬರೆಯುವ ಪರಂಪರೆಯವರ ಆಕ್ಷೇಪ ಗಟ್ಟಿಯಾದದ್ದು. ಕರ್ನಾಟಕದಲ್ಲಿ ಕೆ. ವೆಂಕಟಪ್ಪ, ರುಮಾಲೆ ಚನ್ನಬಸವಯ್ಯ, ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಿಂದ ಬಂದ ಪಿ.ಆರ್. ತಿಪ್ಪೇಸ್ವಾಮಿ ಅವರಂಥವರು ಸ್ಥಳದಲ್ಲೇ ನೋಡಿ ಬರೆಯುವುದನ್ನು ಶಿಸ್ತಾಗಿ ಕಟ್ಟಿದ್ದಾರೆ. ಬೆಳಗಿನ ಏಳಕ್ಕೆ ಬಂಡೆಯ ನೆರಳು ನೇರಳೆ, ಹನ್ನೊಂದಕ್ಕೆ ಬೂದು, ಸಂಜೆಗೆ ಇಟ್ಟಿಗೆಗೆಂಪು ಎಂಬುದು ಕೂತವರಿಗೆ ಮಾತ್ರ ಗೊತ್ತಾಗುತ್ತದೆ. ಅಚ್ಚನ್ನು ನೋಡಿ ಬರೆದರೆ ಕಣ್ಣು ಬೆಳೆಯುವುದಿಲ್ಲ ಎನ್ನುತ್ತಾರೆ ಅವರು. ಕಲಿಯುವವರ ಮಟ್ಟಿಗೆ ಇದು ನಿಜ. ನೋಡಿ ಬರೆಯದವನಿಗೆ ಅಚ್ಚು ಏನನ್ನು ಬಿಟ್ಟಿದೆ ಎಂಬುದು ಕಾಣುವುದೇ ಇಲ್ಲ. ಏನನ್ನು ಬಿಟ್ಟಿದೆ ಎಂದು ತಿಳಿಯದವನು ಪಾಪ್ ಚಿತ್ರವನ್ನೂ ಮಾಡಲಾರ.

ಪಾಪ್ ಪರವಾದ ವಾದಕ್ಕೂ ಅಷ್ಟೇ ತೂಕ ಇದೆ. ಕ್ಯಾಲೆಂಡರಿನ ಜೋಗಿಮಟ್ಟಿಯಲ್ಲಿ ವಿದ್ಯುತ್ ತಂತಿ ಇರುವುದಿಲ್ಲ, ಕ್ವಾರಿ ಇರುವುದಿಲ್ಲ, ಪ್ಲಾಸ್ಟಿಕ್ ಇರುವುದಿಲ್ಲ. ಸುಂದರ ಮಾಡುವ ಹೆಸರಿನಲ್ಲಿ ಅವನ್ನು ಅಳಿಸಿರುತ್ತಾರೆ. ಪಾಪ್ ಚಿತ್ರಕ್ಕೆ ಆ ಮುಜುಗರ ಇಲ್ಲ, ಬಂಕೂ ತಂತಿಯೂ ಅದಕ್ಕೆ ನಿಸರ್ಗದ ಭಾಗವೇ. ಇವತ್ತಿನ ಬಯಲುಸೀಮೆಯನ್ನು ಹೆಚ್ಚು ಪ್ರಾಮಾಣಿಕವಾಗಿ ತೋರಿಸಬಲ್ಲದ್ದು ಅದೇ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಮೂಲ ಕಾಮಿಕ್ಸ್ ಬರೆದವರಿಗೆ ಲಿಕ್ಟೆನ್‌ಸ್ಟೈನ್ ಹೆಸರೂ ಕೊಡಲಿಲ್ಲ, ಹಣವೂ ಕೊಡಲಿಲ್ಲ ಎಂಬ ಮೂರನೆಯ ದೂರು ಅಮೆರಿಕದಲ್ಲಿ ಇಂದಿಗೂ ಜೀವಂತವಾಗಿದೆ. ಅದು ನ್ಯಾಯವಾದ ದೂರು.

ಫಿಲ್ಟರ್ ಮಾಡುವುದೇನು, ಬಿಡುವುದೇನು?

ಮೊಬೈಲಿನ ಸಾಧನ ಲಕ್ಷಾಂತರ ಚಿತ್ರಗಳಿಂದ ಕಲಿತದ್ದು ಪಾಪ್ ಕಲೆಯ ಹೊರಮೈಯನ್ನು. ಅದು ಚುಕ್ಕಿ ಹಾಕುತ್ತದೆ, ಆದರೆ ಯಾವ ಅಚ್ಚಿನಿಂದಲೂ ಎತ್ತಿದ್ದಲ್ಲ. ನೀವು ಕೊಟ್ಟದ್ದು ಕೋಟೆಯ ನೇರ ಫೋಟೊ, ಅದರ ಮೇಲೆ ಅದು ಹೊದಿಸಿದ್ದು ಅಮೆರಿಕದ 60ರ ದಶಕದ ಪತ್ರಿಕೆಯ ಮೈಬಣ್ಣ. ದುರ್ಗದ ಮಂದಿ ಕೋಟೆಯನ್ನು ಎಂದೂ ಆ ಅಚ್ಚಿನಲ್ಲಿ ನೋಡಿದವರಲ್ಲ. ಹಾಗಾಗಿ ಚುಕ್ಕಿ ಇಲ್ಲಿ ಯಾವ ನೆನಪನ್ನೂ ಕೆದಕುವುದಿಲ್ಲ, ಬರೀ ಅಲಂಕಾರವಾಗಿ ಉಳಿಯುತ್ತದೆ.

ಸೂಕ್ಷ್ಮಗಳಲ್ಲಿ ತಪ್ಪು ಇನ್ನೂ ಚೆನ್ನಾಗಿ ಕಾಣುತ್ತದೆ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಕೋಟೆಗೋಡೆ ಆಗಾಗ ಯುರೋಪಿನ ಇಟ್ಟಿಗೆ ಬುರುಜಾಗುತ್ತದೆ. ಉರುಟು ಬಂಡೆಗಳು ಚೂಪು ಶಿಖರವಾಗುತ್ತವೆ. ಮೂರು ರೆಕ್ಕೆಯ ಗಾಳಿಯಂತ್ರಕ್ಕೆ ನಾಲ್ಕೋ ಐದೋ ರೆಕ್ಕೆ ಬರುತ್ತದೆ, ಇಲ್ಲವೇ ಯಂತ್ರವೇ ಮರವಾಗುತ್ತದೆ. ಪಾಪ್ ಕಲೆಯ ಅರ್ಧ ಜೀವ ಇರುವುದು ಅಕ್ಷರದಲ್ಲಿ. ಕನ್ನಡದ ಒತ್ತಕ್ಷರ ಬಂದರೆ ಈ ಸಾಧನಗಳು ತಡವರಿಸುವುದುಂಟು. ‘ಚಿತ್ರದುರ್ಗ’ದ ತ್ರ ಮತ್ತು ಅರ್ಕಾವತ್ತು ಸರಿಯಾಗಿ ಬಂದಿವೆಯೇ ಎಂದು ನೋಡದೆ ಯಾವ ಪೋಸ್ಟರನ್ನೂ ಅಚ್ಚಿಗೆ ಕಳಿಸಬೇಡಿ.

ಹಕ್ಕು ಯಾರದು?

ಭಾರತದಲ್ಲಿ ಶೈಲಿಗೆ ಹಕ್ಕುಸ್ವಾಮ್ಯ ಇಲ್ಲ. ಕಲ್ಪನೆಗೆ ರಕ್ಷಣೆ ಇಲ್ಲ, ಅದರ ನಿರ್ದಿಷ್ಟ ಅಭಿವ್ಯಕ್ತಿಗೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಚುಕ್ಕಿ ಹಾಕುವುದು, ದಪ್ಪ ಗೆರೆ ಎಳೆಯುವುದು ಯಾರಪ್ಪನ ಆಸ್ತಿಯೂ ಅಲ್ಲ. ಕೋಟೆಗೂ ಬೆಟ್ಟಕ್ಕೂ ಹಕ್ಕುಸ್ವಾಮ್ಯ ಇಲ್ಲ. ಆದರೆ ಅದರ ಫೋಟೊಗೆ ಇದೆ. 2012ರ ತಿದ್ದುಪಡಿಯ ನಂತರ ಫೋಟೊದ ಹಕ್ಕು ತೆಗೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಸಿಕ್ಕ ಯಾರದೋ ಕೋಟೆ ಫೋಟೊಗೆ ಫಿಲ್ಟರ್ ಹಾಕಿ ಟೀಶರ್ಟಿನ ಮೇಲೆ ಒತ್ತಿ ಮಾರಿದರೆ ತಗಾದೆ ಬರುವುದು ಇಲ್ಲಿಂದ.

ವಾರ್ಹೋಲ್ ಪ್ರಕರಣದಲ್ಲೂ ನಡೆದದ್ದು ಇದೇ. ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ 1981ರಲ್ಲಿ ಗಾಯಕ ಪ್ರಿನ್ಸ್‌ನ ಫೋಟೊ ತೆಗೆದಿದ್ದರು. ಅದನ್ನು ಆಧರಿಸಿ ವಾರ್ಹೋಲ್ ಮಾಡಿದ ಚಿತ್ರವನ್ನು ಪ್ರತಿಷ್ಠಾನ 2016ರಲ್ಲಿ ಪತ್ರಿಕಾ ಸಂಸ್ಥೆಯೊಂದಕ್ಕೆ 10,000 ಡಾಲರಿಗೆ ಬಳಸಲು ಕೊಟ್ಟಿತು. ಛಾಯಾಗ್ರಾಹಕಿಗೆ ಬಿಡಿಗಾಸೂ ಬರಲಿಲ್ಲ. 7-2 ಬಹುಮತದ ತೀರ್ಪು ವಾರ್ಹೋಲ್ ಚಿತ್ರ ಕಲೆಯೋ ಅಲ್ಲವೋ ಎಂಬುದನ್ನು ನಿರ್ಧರಿಸಲಿಲ್ಲ. ಫೋಟೊ ಮಾರುವ ಮಾರುಕಟ್ಟೆಯಲ್ಲೇ, ಅದೇ ಕೆಲಸಕ್ಕೆ ಚಿತ್ರವನ್ನು ಮಾರಿದ್ದನ್ನು ಮಾತ್ರ ಒಪ್ಪಲಿಲ್ಲ. ಮ್ಯೂಸಿಯಂ ಗೋಡೆ ಬೇರೆ, ಪತ್ರಿಕೆಯ ಮುಖಪುಟ ಬೇರೆ ಎಂಬುದು ಅದರ ತಿರುಳು. ಸುದ್ದಿಗಳು ಒಂದಕ್ಕೊಂದು ಹೊಂದುವುದಿಲ್ಲ ಅನ್ನಿಸಿದ್ದು ಈ ವ್ಯತ್ಯಾಸ ಕೈತಪ್ಪಿದ್ದರಿಂದ.

ಯಂತ್ರ ಬರೆದ ಚಿತ್ರದ ಒಡೆಯ ಯಾರು ಎಂಬುದು ಭಾರತದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ನಮ್ಮ ಕಾಯ್ದೆ ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ, ಅದು ಸೃಷ್ಟಿಯಾಗಲು ಕಾರಣನಾದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಆ ಮಾತು 1994ರ ತಿದ್ದುಪಡಿಯದ್ದು, ಇಂದಿನ ಸಾಧನಗಳನ್ನು ಕಂಡು ಬರೆದದ್ದಲ್ಲ. ಆದ್ದರಿಂದ ವ್ಯಾಪಾರಕ್ಕೆ ಇಳಿಯುವವರಿಗೆ ಸುರಕ್ಷಿತ ದಾರಿ ಒಂದೇ: ಸ್ವಂತ ಫೋಟೊ ಅಥವಾ ಲಿಖಿತ ಅನುಮತಿ ಇರುವ ಫೋಟೊ, ಅದರ ಮೇಲೆ ಸ್ವಂತ ಕೈಕೆಲಸ.

ಹೀಗೇ ಮುಂದುವರಿದರೆ

ಮೊದಲ ಪೆಟ್ಟು ಬೀಳುವುದು ಬೋರ್ಡು ಬರೆಯುವವರ ಮೇಲೆ. ಫ್ಲೆಕ್ಸ್ ಬಂದಾಗ ಅವರ ಕೆಲಸ ಹೋಯಿತು. ರಾಜ್ಯ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದರೂ ಅವು ಬೀದಿ ಬಿಟ್ಟಿಲ್ಲ. ಈಗ ಉಳಿದಿರುವ ಗೋಡೆಚಿತ್ರದ ಕೆಲಸಕ್ಕೂ ಫಿಲ್ಟರಿನಿಂದ ಬಂದ ನಮೂನೆಯನ್ನೇ ಕೊಟ್ಟು ‘ಹೀಗೇ ಬರಿ’ ಎಂದರೆ, ಕನ್ನಡ ಅಕ್ಷರಕ್ಕೆ ನೆರಳು ಕೊಡುವ, ಎರಡೇ ಎಳೆತಕ್ಕೆ ತೆಂಗಿನ ಮರ ನಿಲ್ಲಿಸುವ ಅವರ ಕೈಯ ಪರಿಣತಿ ವ್ಯರ್ಥವಾಗುತ್ತದೆ. ದುರ್ಗದ ಪಾಪ್ ಭಾಷೆ ಇರುವುದೇ ಆ ಕೈಯಲ್ಲಿ.

ಎರಡನೆಯದು ಊರಿನ ಚಹರೆ. ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲೇ, 2016ರಲ್ಲಿ, ದಾವಣಗೆರೆ ಸೇರಿತ್ತು. ಇಂಥ ನಗರಗಳು ಗೋಡೆ, ಕೆಳಸೇತುವೆಗೆ ಬಣ್ಣ ಬಳಿಸುವುದು ಈಗ ಸಾಮಾನ್ಯ. ಎಲ್ಲರೂ ಒಂದೇ ಸಾಧನದಿಂದ ನಮೂನೆ ತೆಗೆದರೆ ದಾವಣಗೆರೆಯ ಗೋಡೆಗೂ ಬೇರೆ ರಾಜ್ಯದ ಯಾವುದೋ ಊರಿನ ಗೋಡೆಗೂ ಗುರುತು ಸಿಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಬಣ್ಣ ಗೋಡೆಗೆ ಸರಿ, ಬಂಡೆಗೆ ಬೇಡ. ಕೋಟೆ ಸಂರಕ್ಷಿತ ಸ್ಮಾರಕ. ಅದನ್ನು ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಗೋಡೆಗೆ ಇಳಿಸುವುದು ಹೇಗೆ?

ಇಷ್ಟೆಲ್ಲ ತಿಳಿದ ಮೇಲೂ ಕಾಲೇಜಿನವರೋ ಸಂಘದವರೋ ಒಂದು ಪಾಪ್ ನಿಸರ್ಗಚಿತ್ರ ಮಾಡಬೇಕೆಂದರೆ, 10 ಅಡಿ ಎತ್ತರ, 20 ಅಡಿ ಉದ್ದದ ಗೋಡೆಯ ಲೆಕ್ಕ ಹೀಗಿದೆ.

ಮೊದಲು ಮೂಲವನ್ನು ಆರಿಸಿ. ಕೋಟೆಯ ಫೋಟೊ ಬೇಡ, ಕೋಟೆ ಈಗಾಗಲೇ ಅಚ್ಚಾಗಿರುವ ವಸ್ತು ಬೇಕು: ಹಳೆಯ ಕ್ಯಾಲೆಂಡರ್, ಬೀಜದ ಪಾಕೀಟು, ಪರದೆ, ಲಾರಿಯ ಹಲಗೆ. ಅದರಲ್ಲಿ ಯಾವ ಗುರುತು ಎದ್ದು ಕಾಣುತ್ತದೆ ನೋಡಿ. ಕ್ಯಾಲೆಂಡರಿನಲ್ಲಿ ಬಣ್ಣಗಳು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುವುದು, ಲಾರಿ ಹಲಗೆಯಲ್ಲಿ ಸೂರ್ಯನ ಕಿರಣಗಳ ಸಮ ಅಗಲ, ಪರದೆಯಲ್ಲಿ ಎಲೆಗೊಂಚಲಿನ ಮೂರು ಹಸಿರು. ದೊಡ್ಡದು ಮಾಡಬೇಕಾದದ್ದು ಆ ಗುರುತನ್ನು. ಚುಕ್ಕಿಯೇ ಬೇಕೆಂದರೆ ಕ್ಯಾಲೆಂಡರನ್ನು ಮೂಲವಾಗಿಸಿಕೊಳ್ಳಿ, ಆಗ ಚುಕ್ಕಿಗೆ ಅರ್ಥ ಬರುತ್ತದೆ. ಅಚ್ಚಿನ ಚಿತ್ರವನ್ನು ಹಾಗೇ ಇಳಿಸಬೇಡಿ. ಗುರುತನ್ನು ಎತ್ತಿಕೊಂಡು ವಿನ್ಯಾಸ ನಿಮ್ಮದೇ ಮಾಡಿದರೆ ಹಕ್ಕಿನ ತಕರಾರೂ ಇರುವುದಿಲ್ಲ.

ವಿನ್ಯಾಸವನ್ನು 10 ಸೆಂಟಿಮೀಟರ್ ಎತ್ತರ, 20 ಸೆಂಟಿಮೀಟರ್ ಉದ್ದದ ಕಾಗದದಲ್ಲಿ ನಾಲ್ಕೇ ಬಣ್ಣಕ್ಕೆ ಇಳಿಸಿ. ಒಂದು ಸೆಂಟಿಮೀಟರಿನ ಚೌಕ ಹಾಕಿದರೆ 200 ಚೌಕ. ಗೋಡೆಯಲ್ಲಿ ಪ್ರತಿ ಚೌಕ 30 ಸೆಂಟಿಮೀಟರ್, ಅಂದರೆ ಒಂದಡಿ.

ಗೋಡೆಯಲ್ಲಿ ತೇವ ಇದೆಯೇ ಎಂದು ನೋಡಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಬದಿ ಹನಿ ಕಟ್ಟಿದರೆ ಬಣ್ಣ ಹಚ್ಚಬೇಡಿ. ಉಪ್ಪು ಒಡೆದು ಒಂದೇ ಮಳೆಗಾಲಕ್ಕೆ ಹೊಪ್ಪಳೆ ಏಳುತ್ತದೆ. ಹೊಸ ಗಾರೆಯಾದರೆ ಕನಿಷ್ಠ 28 ದಿನ ಒಣಗಬೇಕು. ಪ್ರೈಮರ್ ಎರಡು ಲೀಟರ್, ಹೊರಗೋಡೆಯ ಎಮಲ್ಷನ್ ಎರಡು ಸಲ ಬಳಿಯಲು ನಾಲ್ಕು ಲೀಟರ್ ಆಸುಪಾಸು ಬೇಕು.

ಚುಕ್ಕಿಯ ಗಾತ್ರವನ್ನು ನಿರ್ಧರಿಸುವುದು ನೋಡುವವರು ನಿಲ್ಲುವ ದೂರ. ಹತ್ತು ಮೀಟರ್ ದೂರದಿಂದ ಮೂರು ಮಿಲಿಮೀಟರಿಗಿಂತ ಹತ್ತಿರದ ಎರಡು ಬಿಂದುಗಳನ್ನು ಕಣ್ಣು ಬೇರ್ಪಡಿಸಲಾರದು, ಅವು ಬೆರೆತು ಒಂದೇ ಬಣ್ಣವಾಗುತ್ತವೆ. ಚುಕ್ಕಿ ಚುಕ್ಕಿಯಾಗಿಯೇ ಕಾಣಬೇಕಾದರೆ ನಡುಬಿಂದುಗಳ ಅಂತರ ಐದು ಸೆಂಟಿಮೀಟರ್ ಇಡಿ. ಎರಡೂವರೆ ಸೆಂಟಿಮೀಟರಿನ ಚುಕ್ಕಿ ಜಾಗದ ಐದರಲ್ಲೊಂದು ಪಾಲು ತುಂಬುತ್ತದೆ, ತಿಳಿ ಆಕಾಶಕ್ಕೆ ಅದು ಸರಿ. ನಾಲ್ಕು ಸೆಂಟಿಮೀಟರಿನದು ಅರ್ಧ ತುಂಬುತ್ತದೆ, ಮಳೆಮೋಡಕ್ಕೆ ಆಗುತ್ತದೆ. ಗೋಡೆಯ ಅರ್ಧ ಆಕಾಶವಾದರೆ ಒಂಬತ್ತು ಚದರ ಮೀಟರಿಗೆ 3,600 ಚುಕ್ಕಿ ಬೇಕು. 60 ಸೆಂಟಿಮೀಟರ್ ಚೌಕದ ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯಲ್ಲಿ 144 ತೂತು ಬರುತ್ತದೆ, 25 ಸಲ ಇಟ್ಟರೆ ಆಕಾಶ ಮುಗಿಯಿತು.

ಕೆಡುವುದು ಎರಡು ಕಡೆ. ಪ್ರತಿ ಸಲ ಎರಡೇ ಮಿಲಿಮೀಟರ್ ಸರಿದರೂ ಸಾಲಿನ ಹತ್ತನೇ ಹೊತ್ತಿಗೆ ಎರಡು ಸೆಂಟಿಮೀಟರ್ ಸರಿದಿರುತ್ತದೆ, ಆಕಾಶ ಸೊಟ್ಟಗೆ ಕಾಣುತ್ತದೆ. ಅದಕ್ಕೇ ಮೊದಲು ಬಣ್ಣದ ಪುಡಿ ಹಚ್ಚಿದ ದಾರ ಬಿಗಿಹಿಡಿದು ಬಡಿದು ಎರಡಡಿಗೊಂದು ಗೆರೆ ಮೂಡಿಸಿಕೊಳ್ಳಬೇಕು. ಸ್ಟೆನ್ಸಿಲ್ ಆ ಗೆರೆಗೆ ಕೂರಬೇಕೇ ಹೊರತು ಹಿಂದಿನ ಚುಕ್ಕಿಗಲ್ಲ. ಇನ್ನೊಂದು, ಬ್ರಷ್ ಬಳಸಿದರೆ ಬಣ್ಣ ಹಾಳೆಯಡಿ ನುಗ್ಗಿ ಚುಕ್ಕಿಗೆ ಬಾಲ ಬರುತ್ತದೆ. ಸ್ಪಂಜಿಗೆ ಬಣ್ಣ ಹಚ್ಚಿ, ಹಳೆಯ ಪೇಪರಿನ ಮೇಲೆ ಒಮ್ಮೆ ಒತ್ತಿ ತೆಗೆದು, ಆಮೇಲೆ ಗೋಡೆಗೆ ತಟ್ಟಬೇಕು. ನಾಲ್ಕೈದು ಸಲಕ್ಕೊಮ್ಮೆ ಹಾಳೆಯ ಹಿಂಬದಿ ಒರೆಸಿ. ಏಪ್ರಿಲ್ ಬಿಸಿಲಿನಲ್ಲಿ ಹತ್ತು ಗಂಟೆಯ ನಂತರ ಗೋಡೆ ಕಾದು ತೂತಿನ ಅಂಚಿನಲ್ಲೇ ಬಣ್ಣ ಒಣಗುತ್ತದೆ. ಕೆಲಸ ಬೆಳಗ್ಗೆಯೇ ಮುಗಿಸಿ.

ಪಡುವಣ ಬಿಸಿಲಿಗೆ ಮೈಯೊಡ್ಡಿದ ಗೋಡೆಯಲ್ಲಿ ಹೊಳೆಯುವ ಕೆಂಪು, ಹಳದಿ ಮೊದಲು ಪೇಲವವಾಗುತ್ತವೆ. ಆಕ್ಸೈಡ್ ಕೆಂಪು, ಆಕ್ಸೈಡ್ ಹಳದಿ ಅಷ್ಟು ಮಿರುಗುವುದಿಲ್ಲ, ಆದರೆ ನಿಲ್ಲುತ್ತವೆ, ನಮ್ಮ ಮಣ್ಣಿಗೂ ಹೊಂದುತ್ತವೆ.

ತಿಳಿಬಣ್ಣದಿಂದ ಗಾಢಕ್ಕೆ ಬನ್ನಿ. ಕಪ್ಪು ಗೆರೆ ಎಲ್ಲಕ್ಕಿಂತ ಕೊನೆಗೆ, ಮೂರು ಸೆಂಟಿಮೀಟರ್ ದಪ್ಪ. ಅದನ್ನು ಬೋರ್ಡು ಬರೆಯುವ ಅನುಭವಸ್ಥರ ಕೈಗೆ ಕೊಡಿ. ಬಂಡೆಯ ಅಂಚು, ಗಾಳಿಯಂತ್ರದ ಮೂರು ರೆಕ್ಕೆ, ಒಂದು ಕಂಬದಿಂದ ಇನ್ನೊಂದಕ್ಕೆ ಜೋಲುವ ತಂತಿ ಮೂಡಬೇಕಾದದ್ದು ಆ ಗೆರೆಯಲ್ಲಿ.